ನಂಪೈ, ಸೈಪೈ ಇನ್‌ಸ್ಟಾಲ್ ಆಗ್ತಿಲ್ವಾ? ಮೊದಲು ಯಾವ ಪೈಥಾನ್ ಅಂತ ನೋಡಿ

ಹೋದ ಸೆಮಿಸ್ಟರ್‌ನ ಕಂಪ್ಯೂಟೇಶನಲ್ ಫಿಸಿಕ್ಸ್ ಲ್ಯಾಬ್‌ನಲ್ಲಿ ಮೊದಲ ಎರಡು ವಾರ ನಮ್ಮ ಬ್ಯಾಚ್‌ನವರು ಫಿಸಿಕ್ಸ್ ಮುಟ್ಟಲೇ ಇಲ್ಲ. ಬರೀ ನಂಪೈ ಹಾಕಿಕೊಳ್ಳುವುದರಲ್ಲೇ ಕಾಲ ಹೋಯಿತು. (ನಂಪೈ, ಸೈಪೈ ಅಂದರೆ ಪೈಥಾನ್ ಭಾಷೆಯಲ್ಲಿ ಗಣಿತ, ವಿಜ್ಞಾನದ ಲೆಕ್ಕ ಮಾಡಲು ಬಳಸುವ ಪ್ಯಾಕೇಜ್‌ಗಳು.) ಒಬ್ಬೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಎರರ್. ಕೆಂಪು ಅಕ್ಷರ ಕಂಡ ಕೂಡಲೇ ಕಾಪಿ ಮಾಡಿ ನೆಟ್‌ನಲ್ಲಿ ಹುಡುಕುವುದು, ಮೊದಲು ಸಿಕ್ಕಿದ ಕಮಾಂಡ್ ಹಾಕುವುದು, ಆಗಲಿಲ್ಲ ಅಂದ್ರೆ ಎರಡನೆಯದು, ಮೂರನೆಯದು. ನಾನೂ ಅದನ್ನೇ ಮಾಡಿದೆ. ಹತ್ತು ಕಮಾಂಡ್ ಆದ ಮೇಲೆ ಕಂಪ್ಯೂಟರ್‌ನಲ್ಲಿ ಏನಿದೆ, ಏನಿಲ್ಲ ಅನ್ನುವುದೇ ಗೊತ್ತಾಗದ ಹಾಗಾಯಿತು.

ಆಮೇಲೆ ಎರರ್‌ಗಳನ್ನು ಒಂದೊಂದಾಗಿ ಕೂತು ಓದಿದಾಗ ಗೊತ್ತಾಯಿತು, ಬಹುಪಾಲು ಎಲ್ಲವೂ ಎರಡೇ ಪ್ರಶ್ನೆಗೆ ಬಂದು ನಿಲ್ಲುತ್ತವೆ. ಪಿಪ್, ಅಂದರೆ ಪ್ಯಾಕೇಜ್ ಇಳಿಸಿ ಹಾಕಿಕೊಡುವ ಪ್ರೋಗ್ರಾಂ, ಯಾವ ಪೈಥಾನ್‌ಗೆ ಪ್ಯಾಕೇಜ್ ಹಾಕುತ್ತಿದೆ? ಆ ಪೈಥಾನ್‌ಗೆ ಹೊಂದುವ ರೆಡಿ ಪ್ಯಾಕೇಜ್ ಇದೆಯಾ? ಇಷ್ಟೇ. ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಹೊಡೆಯಿರಿ.

ಇಬ್ಬರು ಮಂಜಣ್ಣ

ಊರಲ್ಲಿ ಮಂಜಣ್ಣ ಅನ್ನುವವರು ಇಬ್ಬರಿದ್ದರೆ ಏನಾಗುತ್ತದೆ? ಕೊರಿಯರ್ ಹುಡುಗ ಪಾರ್ಸೆಲ್ಲನ್ನು ಮೇಲಿನ ಕೇರಿ ಮಂಜಣ್ಣನಿಗೆ ಕೊಟ್ಟು ಹೋಗುತ್ತಾನೆ, ಕೆಳಗಿನ ಕೇರಿ ಮಂಜಣ್ಣ ಇನ್ನೂ ಬಂದಿಲ್ಲ ಅಂತ ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾನೆ. ಪಿಪ್ 'ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್' ಅಂದ ಮೇಲೂ ಪ್ರೋಗ್ರಾಂ 'ನೋ ಮಾಡ್ಯೂಲ್ ನೇಮ್ಡ್ ನಂಪೈ' ಅನ್ನುವುದು ಇದೇ ಕಥೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪಾರ್ಸೆಲ್ ತಲುಪಿದೆ, ಆದರೆ ಬೇರೆ ಮನೆಗೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಮೂರು ಪೈಥಾನ್ ಇದ್ದವು. ಒಂದನ್ನು ಡಿಗ್ರಿಯಲ್ಲಿದ್ದಾಗ ಹಾಕಿಕೊಂಡಿದ್ದೆ. ಇನ್ನೊಂದು ಅನಕೊಂಡಾ (ಪೈಥಾನ್ ಜೊತೆ ವಿಜ್ಞಾನದ ಪ್ಯಾಕೇಜ್‌ಗಳನ್ನೂ ಸೇರಿಸಿ ಕೊಡುವ ಕಟ್ಟು) ಜೊತೆ ಬಂದಿತ್ತು. ಮೂರನೆಯದು ಯಾವಾಗ ಬಂತೋ ನನಗೇ ನೆನಪಿಲ್ಲ. ಟರ್ಮಿನಲ್‌ನಲ್ಲಿ ಪಿಪ್ ಅಂದರೆ ಒಂದಕ್ಕೆ ಹೋಗುತ್ತಿತ್ತು, ಕೋಡ್ ಬರೆಯುವ ವಿಎಸ್ ಕೋಡ್‌ನಲ್ಲಿ ರನ್ ಒತ್ತಿದರೆ ಇನ್ನೊಂದು ಓಡುತ್ತಿತ್ತು.

ಪತ್ತೆ ಹಚ್ಚುವುದು ಸುಲಭ. ಯಾವ ಪ್ರೋಗ್ರಾಂ ಕೈಕೊಡುತ್ತಿದೆಯೋ ಅದರ ಮೊದಲ ಎರಡು ಸಾಲಿನಲ್ಲಿ 'ಇಂಪೋರ್ಟ್ ಸಿಸ್' ಅಂತ ಬರೆದು 'ಸಿಸ್ ಡಾಟ್ ಎಕ್ಸಿಕ್ಯೂಟಬಲ್' ಪ್ರಿಂಟ್ ಮಾಡಿ. ಈಗ ಓಡುತ್ತಿರುವ ಪೈಥಾನ್‌ನ ಪೂರ್ತಿ ವಿಳಾಸ ಬರುತ್ತದೆ. ಟರ್ಮಿನಲ್‌ನಲ್ಲಿ 'ಪಿಪ್ ಡ್ಯಾಶ್ ಡ್ಯಾಶ್ ವರ್ಷನ್' ಹಾಕಿದರೆ ಪಿಪ್ ತಾನು ಯಾರ ಮನೆಯವನು ಅಂತ ಹೇಳುತ್ತದೆ. ಎರಡೂ ವಿಳಾಸ ಬೇರೆ ಬೇರೆ ಇದ್ದರೆ ಕಳ್ಳ ಸಿಕ್ಕಿದ ಹಾಗೆ. ವಿಂಡೋಸ್‌ನಲ್ಲಿ ಪೈಥಾನ್ ಲಾಂಚರ್ ಇದ್ದರೆ 'ಪಿವೈ ಡ್ಯಾಶ್ ಸೊನ್ನೆ' ಅಂತ ಹೊಡೆಯಿರಿ, ಅದಕ್ಕೆ ಗೊತ್ತಿರುವ ಪೈಥಾನ್‌ಗಳ ಪಟ್ಟಿಯೇ ಬರುತ್ತದೆ.

ಅಂದಿನಿಂದ ನಾನು ಬರೀ ಪಿಪ್ ಅಂತ ಹೊಡೆಯುವುದನ್ನೇ ಬಿಟ್ಟಿದ್ದೇನೆ. 'ಪೈಥಾನ್ ಡ್ಯಾಶ್ ಎಂ ಪಿಪ್ ಇನ್‌ಸ್ಟಾಲ್ ನಂಪೈ' ಅಂತಲೇ ಹಾಕುವುದು. ಆಗ ನೀವು ಕರೆದ ಪೈಥಾನ್‌ಗೇ ಪ್ಯಾಕೇಜ್ ಹೋಗುತ್ತದೆ, ಮೇಲಿನ ಕೇರಿಗೆ ಹೋಗುವುದಿಲ್ಲ. ಜುಪಿಟರ್ ನೋಟ್‌ಬುಕ್ ಒಳಗಿದ್ದರೆ ಮುಂದೆ ಪರ್ಸೆಂಟ್ ಗುರುತು ಹಾಕಿ 'ಪಿಪ್ ಇನ್‌ಸ್ಟಾಲ್' ಅನ್ನಿ, ಆ ನೋಟ್‌ಬುಕ್ ನಡೆಸುತ್ತಿರುವ ಪೈಥಾನ್‌ಗೇ ಹೋಗುತ್ತದೆ.

ಹಿಟ್ಟಿನ ಪ್ಯಾಕೆಟ್ಟೋ, ಅಕ್ಕಿ ಉದ್ದೋ?

ನನ್ನ ಪ್ರಕಾರ ಜಾಸ್ತಿ ಜನ ಎಡವುವುದು ಇಲ್ಲಿ. ನಂಪೈ ಹೆಸರಿಗೆ ಪೈಥಾನ್ ಪ್ಯಾಕೇಜ್, ಒಳಗೆ ತುಂಬಾ ಕೆಲಸ ಮಾಡುವುದು ಸಿ ಭಾಷೆಯ ಕೋಡ್. ಮ್ಯಾಟ್ರಿಕ್ಸ್ ಲೆಕ್ಕಗಳಿಗೆ ಬ್ಲಾಸ್, ಲ್ಯಾಪ್ಯಾಕ್ ಅನ್ನುವ ಹಳೆಯ ಲೈಬ್ರರಿಗಳು ಬೇಕು. ಬ್ಲಾಸ್ 1979ರದ್ದು, ಲ್ಯಾಪ್ಯಾಕ್ 1992ರದ್ದು, ಎರಡೂ ಹುಟ್ಟಿದ್ದು ಫೋರ್‌ಟ್ರಾನ್‌ನಲ್ಲಿ. ಇದನ್ನೆಲ್ಲ ನಿಮ್ಮ ಕಂಪ್ಯೂಟರ್‌ನಲ್ಲೇ ಕಂಪೈಲ್ ಮಾಡುವುದು, ಅಂದರೆ ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವುದು, ಅಕ್ಕಿ ಉದ್ದು ನೆನೆಹಾಕಿ, ಗ್ರೈಂಡರ್ ತೊಳೆದು, ರುಬ್ಬಿ, ರಾತ್ರಿಯಿಡೀ ಹುದುಗಲು ಬಿಟ್ಟ ಹಾಗೆ. ಅದರ ಬದಲು ಈಗ ಅಂಗಡಿಯಲ್ಲಿ ದೋಸೆ ಹಿಟ್ಟಿನ ಪ್ಯಾಕೆಟ್ ಸಿಗುತ್ತದೆ ಅಲ್ವಾ, ಪೈಥಾನ್ ಲೋಕದಲ್ಲಿ ಅದರ ಹೆಸರು ವೀಲ್. ಎಲ್ಲ ಕಂಪೈಲ್ ಆಗಿ, ಬ್ಲಾಸ್, ಲ್ಯಾಪ್ಯಾಕ್ ಕೆಲಸ ಮಾಡಿಕೊಡುವ ಓಪನ್‌ಬ್ಲಾಸ್ ಕೂಡ ಒಳಗೇ ಸೇರಿ ಬರುತ್ತದೆ. ವೀಲ್ ಫೈಲ್ ಅಂದರೆ ಬೇರೇನಲ್ಲ, ಒಂದು ಜಿಪ್ ಫೈಲ್. ಸುಮ್ನೆ ಕುತೂಹಲಕ್ಕೆ ತೆರೆದು ನೋಡಬಹುದು.

ತೊಂದರೆ ಏನಪ್ಪಾ ಅಂದರೆ, ಪ್ರತಿ ಪೈಥಾನ್ ಆವೃತ್ತಿಗೂ ಪ್ರತಿ ಆಪರೇಟಿಂಗ್ ಸಿಸ್ಟಂಗೂ ಬೇರೆ ಬೇರೆ ಪ್ಯಾಕೆಟ್ ಬೇಕು. ಫೈಲಿನ ಹೆಸರಲ್ಲೇ ಅದು ಬರೆದಿರುತ್ತದೆ. 'ಸಿಪಿ312' ಅಂತಿದ್ದರೆ ಪೈಥಾನ್ 3.12ಕ್ಕೆ, 'ವಿನ್ ಎಎಂಡಿ64' ಅಂತಿದ್ದರೆ 64 ಬಿಟ್ ವಿಂಡೋಸ್‌ಗೆ. ಎಎಂಡಿ ಅಂತ ನೋಡಿ ಇಂಟೆಲ್ ಪ್ರೊಸೆಸರ್‌ನವರು ಗಾಬರಿ ಆಗಬೇಡಿ, ನಿಮಗೂ ಅದೇ. ಹೊಂದುವ ಪ್ಯಾಕೆಟ್ ಸಿಗದಿದ್ದರೆ ಪಿಪ್ 'ಇಲ್ಲ' ಅಂತ ಹೇಳಿ ಸುಮ್ಮನಾಗುವುದಿಲ್ಲ. ಅಕ್ಕಿ ಉದ್ದಿನ ಚೀಲ ತಂದು ರುಬ್ಬಲು ಕೂರುತ್ತದೆ. ಗ್ರೈಂಡರ್ ಇಲ್ಲ, ಅಂದರೆ ಕಂಪೈಲರ್ ಇಲ್ಲ ಅಂತ ಆಮೇಲೆ ಅದಕ್ಕೆ ಗೊತ್ತಾಗುತ್ತದೆ. ಅಲ್ಲಿಂದ ಶುರು ಕೆಂಪು ಅಕ್ಷರದ ಮಳೆ.

ನಮ್ಮ ಕ್ಲಾಸಿನ ಒಂದು ಕೇಸ್ ಹೇಳ್ತೀನಿ. ಲ್ಯಾಬ್‌ಗೆ ಕೊಟ್ಟಿದ್ದ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ (ಬೇಕಾದ ಪ್ಯಾಕೇಜ್‌ಗಳ ಪಟ್ಟಿ) ನಂಪೈ 1.26.4 ಅಂತ ಗಟ್ಟಿಯಾಗಿ ಬರೆದಿತ್ತು. ಗೆಳತಿಯ ಲ್ಯಾಪ್‌ಟಾಪ್ ಹೊಸದು, ಪೈಥಾನ್ 3.13 ಹಾಕಿಕೊಂಡಿದ್ದಳು. ನಂಪೈ 1.26ರ ವೀಲ್‌ಗಳಿರುವುದು ಪೈಥಾನ್ 3.9ರಿಂದ 3.12ರವರೆಗೆ ಮಾತ್ರ. ಆದ್ದರಿಂದ ಪಿಪ್ ಸೋರ್ಸ್, ಅಂದರೆ ಕಂಪೈಲ್ ಆಗದ ಮೂಲ ಕೋಡ್, ಇಳಿಸಿಕೊಂಡಿತು, ಸುಮಾರು 16 ಎಂಬಿ. ಕೊನೆಯಲ್ಲಿ ಬಂದ ಸಾಲು 'ಮೆಟಾಡೇಟಾ ಜನರೇಶನ್ ಫೇಲ್ಡ್'. ಅವಳು ಅದನ್ನೇ ಹುಡುಕುತ್ತಾ ಎರಡು ಸಂಜೆ ಕಳೆದಳು. ಆ ಸಾಲಿನಿಂದ ಏನೂ ಗೊತ್ತಾಗುವುದಿಲ್ಲ, ಅದು 'ಅಡುಗೆ ಕೆಟ್ಟಿತು' ಅಂದಷ್ಟೇ. ಮೇಲಕ್ಕೆ ಸ್ಕ್ರಾಲ್ ಮಾಡಿದರೆ ಎರಡು ಸಾಲು ಸಿಕ್ಕವು. ಒಂದು, ಇಳಿದ ಫೈಲಿನ ಹೆಸರು 'ಟಾರ್ ಡಾಟ್ ಜಿಜೆಡ್' ಅಂತ ಮುಗಿದಿತ್ತು, ವೀಲ್ ಆಗಿದ್ದರೆ 'ಡಬ್ಲ್ಯುಎಚ್‌ಎಲ್' ಅಂತ ಇರಬೇಕಿತ್ತು. ಇನ್ನೊಂದು 'ಅನ್‌ನೋನ್ ಕಂಪೈಲರ್ಸ್' ಅಂತ ಶುರುವಾಗಿ ಸಿಎಲ್, ಸಿಸಿ, ಜಿಸಿಸಿ, ಕ್ಲ್ಯಾಂಗ್ ಅಂತ ಸಾಲುಸಾಲು ಹೆಸರು. ಅಂದರೆ ಅಷ್ಟೂ ಗ್ರೈಂಡರ್ ಹುಡುಕಿದೆ, ಒಂದೂ ಸಿಕ್ಕಿಲ್ಲ.

ಇಂಥ ಕಡೆ ಬಹಳ ಜನ ಕೊಡುವ ಸಲಹೆ 'ವಿಷುವಲ್ ಸಿ ಪ್ಲಸ್ ಪ್ಲಸ್ ಬಿಲ್ಡ್ ಟೂಲ್ಸ್ ಹಾಕಿ' ಅಂತ. ಹಾಸ್ಟೆಲ್ ವೈಫೈನಲ್ಲಿ ಅದನ್ನು ಇಳಿಸುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ, ನಂಪೈ ಬಳಸುವವರಿಗೆ ಅದು ಬೇಕಾಗಿಯೂ ಇಲ್ಲ. ನಾವು ಮಾಡಿದ್ದು ಇಷ್ಟೇ. ಪಕ್ಕದಲ್ಲೇ ಪೈಥಾನ್ 3.12 ಹಾಕಿ, 'ಪಿವೈ ಡ್ಯಾಶ್ 3.12 ಡ್ಯಾಶ್ ಎಂ ವೆನ್ವ್ ಲ್ಯಾಬ್' ಅಂತ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ (ತನ್ನದೇ ಪ್ಯಾಕೇಜ್‌ಗಳಿರುವ ಪ್ರತ್ಯೇಕ ಫೋಲ್ಡರ್, ಚಿಕ್ಕದಾಗಿ ವೆನ್ವ್) ಮಾಡಿ, ಅದನ್ನು ಆಕ್ಟಿವೇಟ್ ಮಾಡಿ ಅದರೊಳಗೆ ಅದೇ ರಿಕ್ವೈರ್‌ಮೆಂಟ್ಸ್ ಫೈಲಿನಿಂದ ಇನ್‌ಸ್ಟಾಲ್ ಮಾಡಿದೆವು. ಹತ್ತು ನಿಮಿಷವೂ ಆಗಲಿಲ್ಲ. ಪಿಪ್ ರುಬ್ಬಲು ಕೂರುವುದೇ ಬೇಡ ಅನ್ನುವವರು 'ಓನ್ಲಿ ಡ್ಯಾಶ್ ಬೈನರಿ' ಆಯ್ಕೆಗೆ 'ಆಲ್' ಅಂತ ಕೊಡಬಹುದು, ಆ ಪದದ ಹಿಂದೊಂದು ಮುಂದೊಂದು ಕೋಲನ್ ಇರಬೇಕು. ಆಗ ವೀಲ್ ಇಲ್ಲದಿದ್ದರೆ ನೇರವಾಗಿ ಇಲ್ಲ ಅಂತ ಹೇಳಿಬಿಡುತ್ತದೆ.

ಇನ್ನೊಂದು ಮಾತು. ಹಳೆಯ ವಿಡಿಯೋಗಳಲ್ಲಿ ಸೈಪೈ ವೀಲನ್ನು ಯಾವುದೋ ಪುಟದಿಂದ ಕೈಯಾರೆ ಇಳಿಸಿಕೊಳ್ಳಿ ಅಂತ ತೋರಿಸುತ್ತಾರೆ. ಆ ಕಾಲಕ್ಕೆ ಅದು ಸರಿಯೇ. ವಿಂಡೋಸ್‌ಗೆ ಸೈಪೈ ತಂಡದವರೇ ಮಾಡಿದ ವೀಲ್ ಬಂದದ್ದು 2017ರ ಅಕ್ಟೋಬರ್‌ನಲ್ಲಿ, 1.0 ಆವೃತ್ತಿಯ ಜೊತೆ. ಅಲ್ಲಿಯವರೆಗೆ ಕ್ರಿಸ್ಟೋಫ್ ಗೋಲ್ಕೆ ಅನ್ನುವವರು ತಮ್ಮ ಪುಟದಲ್ಲಿ ಇಡುತ್ತಿದ್ದ ವೀಲ್‌ಗಳೇ ಗತಿ. ಈಗ ಅದರ ಅಗತ್ಯ ಇಲ್ಲ. ಆದರೆ ನಿಮ್ಮದು 32 ಬಿಟ್ ಪೈಥಾನ್ ಆಗಿದ್ದರೆ ಈಗಿನ ಸೈಪೈಗೆ ವೀಲ್ ಸಿಗುವುದಿಲ್ಲ, 64 ಬಿಟ್ ಹಾಕಿಕೊಳ್ಳಿ.

ಉಬುಂಟು ಬೈಯುವುದು ಯಾಕೆ

ಲಿನಕ್ಸ್ ಬಳಸುವವರಿಗೆ ಉಬುಂಟು 23.04ರಿಂದ, ಡೆಬಿಯನ್ 12ರಿಂದ ಈಚೆಗೆ ಪಿಪ್ ಇನ್‌ಸ್ಟಾಲ್ ಅಂದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಅಂತ ಬರುತ್ತದೆ. ಇದು ದೋಷ ಅಲ್ಲ, ಕಾವಲು. ಸಿಸ್ಟಂನ ಎಷ್ಟೋ ಕೆಲಸಗಳು ಅದೇ ಪೈಥಾನ್ ನಂಬಿಕೊಂಡಿವೆ, ಅದರಲ್ಲಿ ಕೈಯಾಡಿಸಬೇಡ ಅನ್ನುತ್ತಿದೆ. 'ಬ್ರೇಕ್ ಸಿಸ್ಟಂ ಪ್ಯಾಕೇಜಸ್' ಅನ್ನುವ ಆಯ್ಕೆ ಹಾಕಿದರೆ ಮುಂದೆ ಹೋಗುತ್ತದೆ ನಿಜ, ಹೆಸರಲ್ಲೇ ಮುರಿಯುತ್ತೇನೆ ಅಂತ ಇದೆ, ಆದರೂ ಹಾಕುವವರು ಹಾಕುತ್ತಾರೆ. ಇಲ್ಲೂ ವೆನ್ವ್ ಮಾಡಿಕೊಂಡರೆ ಆಯಿತು. ಅದೂ ಆಗಲ್ಲ ಅಂದರೆ 'ಪೈಥಾನ್3 ಡ್ಯಾಶ್ ವೆನ್ವ್' ಪ್ಯಾಕೇಜನ್ನು ಮೊದಲು ಉಬುಂಟುವಿನ ಸ್ವಂತ ಇನ್‌ಸ್ಟಾಲರ್ ಆದ ಆ್ಯಪ್ಟ್‌ನಿಂದ ಹಾಕಿ.

ಇಂಪೋರ್ಟ್ ಮಾಡುವಾಗ ಬೀಳುವುದು

ಇನ್‌ಸ್ಟಾಲ್ ಆಗಿ, ಇಂಪೋರ್ಟ್‌ನಲ್ಲಿ ಕೈಕೊಡುವ ಪ್ರಕಾರ ಬೇರೆ. 2024ರ ಜೂನ್‌ನಲ್ಲಿ ನಂಪೈ 2.0 ಬಂತು. 2006ರ 1.0 ಆದ ಮೇಲೆ ಇದೇ ಮೊದಲ ದೊಡ್ಡ ಬದಲಾವಣೆ. ಹಳೆಯ ನಂಪೈ ಇಟ್ಟುಕೊಂಡು ಕಂಪೈಲ್ ಆಗಿದ್ದ ಬೇರೆ ಪ್ಯಾಕೇಜ್‌ಗಳು ಹೊಸದರ ಜೊತೆ ಹೊಂದಲಿಲ್ಲ. 'ನಂಪೈ 1.ಎಕ್ಸ್ ಬಳಸಿ ಕಂಪೈಲ್ ಆದ ಮಾಡ್ಯೂಲ್ ಇದರಲ್ಲಿ ಓಡುವುದಿಲ್ಲ' ಅನ್ನುವ ಅರ್ಥದ ಉದ್ದನೆಯ ಸಂದೇಶ, ಅಥವಾ 'ಡಿಟೈಪ್ ಸೈಜ್ ಚೇಂಜ್ಡ್' ಅಂತ ಕಂಡರೆ ಇದೇ ರೋಗ. ಜಗಳ ಆಡುತ್ತಿರುವ ಆ ಇನ್ನೊಂದು ಪ್ಯಾಕೇಜನ್ನು ಅಪ್‌ಗ್ರೇಡ್ ಮಾಡಿ. ಅದಕ್ಕೆ ಹೊಸ ಆವೃತ್ತಿಯೇ ಇಲ್ಲದಿದ್ದರೆ ಮಾತ್ರ ನಂಪೈಯನ್ನು 2ಕ್ಕಿಂತ ಕೆಳಗೆ ಇಳಿಸಿ.

ನಂಪೈ ಕೆಲವೊಮ್ಮೆ ದಪ್ಪಕ್ಷರದಲ್ಲಿ 'ಇಂಪಾರ್ಟೆಂಟ್: ಪ್ಲೀಸ್ ರೀಡ್ ದಿಸ್' ಅಂತ ಕೂಗಿಕೊಳ್ಳುತ್ತದೆ. ಯಾರೂ ಓದುವುದಿಲ್ಲ. ಓದಿ ನೋಡಿ, ಕೆಳಗೆ ಯಾವ ಪೈಥಾನ್, ಯಾವ ಫೋಲ್ಡರಿನಿಂದ, ಯಾವ ನಂಪೈ ಅಂತ ತಾನೇ ಬರೆದುಕೊಟ್ಟಿರುತ್ತದೆ. ಮತ್ತೆ ಅದೇ ಮಂಜಣ್ಣನ ವಿಳಾಸ.

ನಗು ಬರುವ ಕೇಸ್ ಒಂದಿದೆ, ಆದರೆ ನನ್ನ ಒಂದು ಗಂಟೆ ತಿಂದಿದ್ದು. ಅಭ್ಯಾಸದ ಫೈಲಿಗೆ 'ನಂಪೈ ಡಾಟ್ ಪಿವೈ' ಅಂತಲೇ ಹೆಸರಿಟ್ಟಿದ್ದೆ. ಇಂಪೋರ್ಟ್ ಅಂದಾಗ ಪೈಥಾನ್ ಮೊದಲು ನೋಡುವುದು ಆ ಫೈಲ್ ಇರುವ ಫೋಲ್ಡರನ್ನು, ಅಲ್ಲಿ ನನ್ನ ಫೈಲೇ ಸಿಕ್ಕಿತು, ತನ್ನನ್ನು ತಾನೇ ಇಂಪೋರ್ಟ್ ಮಾಡಿಕೊಂಡಿತು. 'ಪಾರ್ಷಿಯಲಿ ಇನಿಶಿಯಲೈಸ್ಡ್ ಮಾಡ್ಯೂಲ್' ಅಂತ ಎರರ್ ಬಂದರೆ ಇನ್‌ಸ್ಟಾಲ್ ಬಿಟ್ಟು ಫೋಲ್ಡರ್ ನೋಡಿ. ರ್‍ಯಾಂಡಮ್ ಅಂತ ಹೆಸರಿಟ್ಟರೂ ಇದೇ ಗತಿ.

ಕೊನೆಗೆ ಒಂದು ಪರೀಕ್ಷೆ. ಬರೀ ಇಂಪೋರ್ಟ್ ಆದರೆ ಸಾಲದು, ಲ್ಯಾಪ್ಯಾಕ್ ಓಡುತ್ತಿದೆಯಾ ಅಂತ ನೋಡಬೇಕು. ಸಮೀಕರಣ ಬಿಡಿಸುವ ನಂಪೈನ 'ಲಿನ್‌ಆಲ್ಜ್ ಡಾಟ್ ಸಾಲ್ವ್'ಗೆ 2, 1 ಮತ್ತು 1, 3 ಸಾಲುಗಳಿರುವ ಮ್ಯಾಟ್ರಿಕ್ಸ್ ಕೊಡಿ, ಬಲಗಡೆಗೆ 3, 5 ಕೊಡಿ. 0.8, 1.4 ಅಂತ ಉತ್ತರ ಬಂದರೆ ಟರ್ಮಿನಲ್ ಮುಚ್ಚಿ ಲ್ಯಾಬ್ ರೆಕಾರ್ಡ್ ತೆಗೆಯಬಹುದು.