ಪರಿಸರದ ಹೆಸರಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಕತ್ತರಿ ಬೀಳುತ್ತದೆಯೇ?

ಪ್ರಶ್ನೆ: ಕ್ಯಾನ್ಸರ್ ಚಿಕಿತ್ಸೆಯೂ ಪರಿಸರಕ್ಕೆ ಹೊರೆಯಾಗಬಾರದು ಎಂದು ಓದಿದೆ. ಜೀವ ಉಳಿಸಿಕೊಳ್ಳುವ ಹೊತ್ತಲ್ಲಿ ಇದೆಲ್ಲ ಬೇಕಾ? ರೋಗಿಗೆ ಸಿಗುವ ಚಿಕಿತ್ಸೆಯೇ ಕಡಿಮೆ ಆಗಿಬಿಡುವುದಿಲ್ಲವೇ?

ಉತ್ತರ: ನಿಮ್ಮ ಭಯ ಸಹಜ. ಮೊದಲೇ ಹೇಳಿಬಿಡುತ್ತೇನೆ: ಭೂಮಿಯ ಚಿಂತೆಗೆ ಯಾವ ರೋಗಿಯೂ ಒಂದು ಡೋಸ್ ಕೂಡ ಬಿಡಬೇಕಿಲ್ಲ. ಕಡಿಮೆ ಆಗಬೇಕಿರುವುದು ರೋಗಿಗೆ ಉಪಯೋಗಕ್ಕೆ ಬಾರದ ಓಡಾಟ, ವ್ಯರ್ಥ ಆಗುವ ಔಷಧಿ.

ಸ್ತನ ಕ್ಯಾನ್ಸರಿನ ರೇಡಿಯೇಷನ್ನನ್ನೇ ನೋಡಿ. ಆಪರೇಷನ್ ಆದಮೇಲೆ 5 ವಾರದಲ್ಲಿ 25 ಸಲ ಆಸ್ಪತ್ರೆಗೆ ಹೋಗುವುದು ಹಿಂದೆ ಮಾಮೂಲಾಗಿತ್ತು. ಆಮೇಲೆ ಅದು 3 ವಾರದಲ್ಲಿ 15 ಸಲಕ್ಕೆ ಇಳಿಯಿತು. 2020ರಲ್ಲಿ ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನದ ಫಲಿತಾಂಶ ಬಂತು. 4,000ಕ್ಕೂ ಹೆಚ್ಚು ರೋಗಿಗಳನ್ನು 5 ವರ್ಷ ಗಮನಿಸಿದ್ದರು. ಒಂದೇ ವಾರದಲ್ಲಿ 5 ಸಲ ಕೊಟ್ಟರೂ, ಕ್ಯಾನ್ಸರ್ ಮರಳದಂತೆ ತಡೆಯುವುದರಲ್ಲಿ ಅದು 3 ವಾರದ ಚಿಕಿತ್ಸೆಗಿಂತ ಏನೂ ಕಡಿಮೆಯಿಲ್ಲ ಎಂದು ಗೊತ್ತಾಯಿತು.

ಹತ್ತು ದಿನದ ಓಡಾಟ ತಪ್ಪಿತು. ಗಾಡಿಯ ಹೊಗೆ ಕಡಿಮೆ ಆಯಿತು, ಯಂತ್ರದ ಕರೆಂಟೂ ಉಳಿಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮನೆಯವರಿಗೆ ಉಳಿದದ್ದು. ಜೊತೆಗೆ ಬರುವವರು ಅಷ್ಟು ದಿನ ಕೆಲಸ ಬಿಡಬೇಕಿಲ್ಲ, ಸಂಬಳ ಕಳೆದುಕೊಳ್ಳಬೇಕಿಲ್ಲ. ಆಸ್ಪತ್ರೆ ದೂರ, ಗಡ್ಡೆ ತೆಗೆದಮೇಲೆ ಬೇಕಾಗುವ ರೇಡಿಯೇಷನ್ನಿಗೆ ದಿನಾ ಹೋಗಿಬರಲು ಆಗದು ಎಂದು, ಗಡ್ಡೆ ಮಾತ್ರ ತೆಗೆದರೆ ಸಾಕಿದ್ದಾಗಲೂ ಇಡೀ ಸ್ತನವನ್ನೇ ತೆಗೆಸಿಕೊಂಡ ಹೆಂಗಸರಿದ್ದಾರೆ. ಅಂಥವರಿಗೆ 5 ದಿನ ಅನ್ನುವುದು ಸುಮ್ನೆ ಅನುಕೂಲದ ಮಾತಲ್ಲ.

ಔಷಧಿಯಲ್ಲೂ ಹೀಗೇ ದಾರಿಗಳಿವೆ. ಪೆಂಬ್ರೊಲಿಝುಮ್ಯಾಬ್ ಎಂಬ ಇಂಜೆಕ್ಷನ್ನನ್ನು 3 ವಾರಕ್ಕೊಮ್ಮೆ ಬದಲು, ಡೋಸ್ ಹೆಚ್ಚಿಸಿ 6 ವಾರಕ್ಕೊಮ್ಮೆ ಕೊಡಬಹುದು. ಒಂದೇ ಔಷಧಿ ಬೇಕಿರುವವರನ್ನು ಒಂದೇ ದಿನ ಕರೆದರೆ, ಬಾಟಲಿಯ ತಳದಲ್ಲಿ ಉಳಿದು ಕಸಕ್ಕೆ ಹೋಗುವ ದುಬಾರಿ ಔಷಧಿ ಇನ್ನೊಬ್ಬರಿಗೆ ಆಗುತ್ತದೆ. ಇನ್ನು ಆಪರೇಷನ್ ಥಿಯೇಟರಿನ ಡೆಸ್‌ಫ್ಲುರೇನ್. ಈ ಅರಿವಳಿಕೆ ಅನಿಲ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,500 ಪಟ್ಟು ಜಾಸ್ತಿ. ಬೇರೆ ಅರಿವಳಿಕೆ ಇರುವಾಗ ಇದನ್ನೇ ಯಾಕೆ ಬಳಸಬೇಕು, ಅಲ್ವಾ?

ಆದರೆ ಕಡಿಮೆ ಸಲದ ಚಿಕಿತ್ಸೆ ಎಲ್ಲರಿಗೂ ಹೊಂದುವುದಿಲ್ಲ. ಕ್ಯಾನ್ಸರಿನ ಜಾಗ, ಹಂತ ನೋಡಿ ವೈದ್ಯರೇ ತೀರ್ಮಾನಿಸಬೇಕು. ನೀವು ಕೇಳುವುದರಲ್ಲಿ ತಪ್ಪೇನಿಲ್ಲ: "ಇಷ್ಟೇ ಗುಣ ಸಿಗುವ, ಕಡಿಮೆ ಸಲ ಬರಬೇಕಾದ ಚಿಕಿತ್ಸೆ ನನಗೆ ಆಗುತ್ತಾ?" ಮನೆಯಲ್ಲಿ ಕೀಮೋ ಗುಳಿಗೆ ಉಳಿದಿದ್ದರೆ ಟಾಯ್ಲೆಟ್ಟಿಗೆ ಹಾಕಬೇಡಿ, ನೀರಿಗೆ ಸೇರುತ್ತದೆ. ಮುಂದಿನ ಸಲ ಹೋಗುವಾಗ ಜೊತೆಗೆ ಒಯ್ದು, ಎಲ್ಲಿ ಕೊಡಬೇಕೆಂದು ಆಸ್ಪತ್ರೆಯಲ್ಲೇ ಕೇಳಿ.