ಹುಚ್ಚುನಾಯಿಯ ಮೆದುಳಿನ ದುಂಡು ಚುಕ್ಕೆ: ಒಂದು ಹನಿಯನ್ನು ಗುರುತಿಸಲು ಹಿಡಿದ ನೂರು ವರ್ಷ

ಕಾಸರಗೋಡಿನ ಹಿರಿಯರ ಮುಂದೆ ‘ಹೊಟ್ಟೆಗೆ ಹದಿನಾಲ್ಕು ಸೂಜಿ’ ಎಂದರೆ ಸಾಕು, ನಾಯಿ ಕಚ್ಚಿದ ಸಂಗತಿ ಎಂದು ಗೊತ್ತಾಗುತ್ತದೆ. ಮನೆಮಾತಿನಲ್ಲಿ ಹುಚ್ಚುನಾಯಿ ರೋಗ, ಮಲೆಯಾಳದ ಪ್ರಕಟಣೆಗಳಲ್ಲಿ ಪೇವಿಷಬಾಧೆ, ಡಾಕ್ಟರ ಚೀಟಿಯಲ್ಲಿ ರೇಬೀಸ್. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆಗೆ ದಕ್ಷಿಣದ ದೊಡ್ಡ ಕೇಂದ್ರ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆ. ಅದು ಶುರುವಾದದ್ದು 1907ರಲ್ಲಿ, ಕಾಸರಗೋಡು ಇನ್ನೂ ಮದ್ರಾಸಿನ ಆಡಳಿತದಲ್ಲಿದ್ದ ಕಾಲದಲ್ಲಿ. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಬೇಕು, ಸತ್ತರೆ ಅದರ ಮೆದುಳನ್ನು ಪರೀಕ್ಷೆಗೆ ಕಳಿಸಬೇಕು ಎಂಬುದು ಆಗಿನ ಕ್ರಮ. ಪರೀಕ್ಷೆ ಮಾಡುವವರು ಸೂಕ್ಷ್ಮದರ್ಶಕದಡಿ ಹುಡುಕುತ್ತಿದ್ದದ್ದು ನರಕೋಶದೊಳಗಿನ ಕೆಂಪು ದುಂಡು ಚುಕ್ಕೆಗಳನ್ನು. ಅವಕ್ಕೆ ನೆಗ್ರಿ ಕಾಯ ಎಂದು ಹೆಸರು.

ಆ ಚುಕ್ಕೆ ಗಟ್ಟಿ ವಸ್ತುವಲ್ಲ, ಪೊರೆಯಿಂದ ಕಟ್ಟಿದ ಚೀಲವೂ ಅಲ್ಲ, ಒಂದು ದ್ರವದ ಹನಿ ಎಂದು ಪ್ರಯೋಗಗಳಿಂದ ತೋರಿಸಿದ್ದು 2017ರಲ್ಲಿ. ಅದರ ದುಂಡು ಆಕಾರ ಮಾತ್ರ 1903ರಿಂದಲೇ ಎಲ್ಲರ ಕಣ್ಣ ಮುಂದಿತ್ತು.

1903ರಲ್ಲಿ ಇಟಲಿಯ ಪಾವಿಯಾದಲ್ಲಿ, ಕ್ಯಾಮಿಲ್ಲೊ ಗಾಲ್ಜಿಯವರ ಪ್ರಯೋಗಾಲಯದಲ್ಲಿದ್ದ ಅಡೆಲ್ಕಿ ನೆಗ್ರಿ ಈ ಕಾಯಗಳನ್ನು ವರ್ಣಿಸಿದರು. ಇದೇ ರೋಗ ತರುವ ಏಕಕೋಶ ಪರಾವಲಂಬಿ ಎಂದು ಅವರು ಭಾವಿಸಿದರು. ರೋಗಕಾರಕವು ಬ್ಯಾಕ್ಟೀರಿಯಾವನ್ನು ತಡೆಯುವ ಶೋಧಕದಿಂದಲೂ ನುಸುಳಿ ಹೋಗುತ್ತದೆ ಎಂದು ಅದೇ ವರ್ಷ ಕಾನ್‌ಸ್ಟಾಂಟಿನೋಪಲ್‌ನಲ್ಲಿ ತೋರಿಸಲಾಯಿತು. ಹಲವು ಮೈಕ್ರಾನ್ ಅಗಲದ ಈ ಚುಕ್ಕೆ ಹಾಗೆ ನುಸುಳುವಂಥದ್ದಲ್ಲ. ವಿವರಣೆ ತಪ್ಪಾದರೂ ಗುರುತು ಸರಿಯಿತ್ತು. ನ್ಯೂಯಾರ್ಕಿನ ಆನಾ ವೆಸೆಲ್ಸ್ ವಿಲಿಯಮ್ಸ್ ಇವನ್ನು ಸ್ವತಂತ್ರವಾಗಿ ಕಂಡುಕೊಂಡರು. ದಿನಗಟ್ಟಲೆ ಕಾಯದೆ ಮೆದುಳಿನ ಲೇಪದಲ್ಲೇ ನೋಡಿ ಹೇಳುವ ವಿಧಾನವನ್ನೂ ರೂಪಿಸಿದರು.

1927ರಲ್ಲಿ ಬಂದ ಸೆಲ್ಲರ್ಸ್ ಬಣ್ಣ ಈ ಕೆಲಸವನ್ನು ಹಳ್ಳಿಗಾಡಿನ ಲ್ಯಾಬುಗಳಿಗೂ ತಲುಪಿಸಿತು. ಮೆಥನಾಲಿನಲ್ಲಿ ಕರಗಿಸಿದ ಮೆಥಿಲೀನ್ ಬ್ಲೂ ಮತ್ತು ಬೇಸಿಕ್ ಫುಕ್ಸಿನ್ ಎರಡನ್ನೂ ಬೆರೆಸಬೇಕು. ಮೆದುಳಿನ ಹಿಪೊಕ್ಯಾಂಪಸ್ ಭಾಗದಿಂದ ಸಣ್ಣ ತುಂಡು ಕತ್ತರಿಸಿ, ಕತ್ತರಿಸಿದ ಮೈಗೆ ಗಾಜಿನ ಸ್ಲೈಡನ್ನು ಹಗುರವಾಗಿ ಒತ್ತಿ ತೆಗೆಯಬೇಕು. ದನದ ಮೆದುಳಾದರೆ ಹಿಮ್ಮೆದುಳನ್ನು ಮರೆಯಬಾರದು. ತೇವ ಆರುವ ಮೊದಲೇ ಸ್ಲೈಡನ್ನು ಬಣ್ಣದಲ್ಲಿ ಕೆಲವೇ ಸೆಕೆಂಡು ಅದ್ದಿ, ನೀರಿನಲ್ಲಿ ತೊಳೆಯಬೇಕು. ನರಕೋಶ ನೀಲಿಯಾಗಿಯೂ ನೆಗ್ರಿ ಕಾಯ ನೇರಳೆಗೆಂಪಾಗಿಯೂ ಕಾಣುತ್ತದೆ. ಕಾಯದ ಒಳಗೆ ಕಡುನೀಲಿ ಕಣಗಳಿರುತ್ತವೆ. ಈ ಒಳಕಣಗಳನ್ನು ನೋಡದೆ ತೀರ್ಮಾನಿಸಿದರೆ ನಾಯಿಗಳ ಡಿಸ್ಟೆಂಪರ್ ರೋಗದ ಕಾಯಗಳನ್ನೇ ರೇಬೀಸ್ ಎಂದು ಬರೆದುಬಿಡುವ ಅಪಾಯವಿದೆ. ಲೇಪ ಒಣಗಿದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಕರಾವಳಿಯ ಸೆಕೆಯಲ್ಲಿ ಐಸ್ ಇಲ್ಲದೆ ಬಸ್ಸಿನಲ್ಲಿ ಕಳಿಸಿದ ಮೆದುಳು ದಾರಿಯಲ್ಲೇ ಕೊಳೆಯುತ್ತದೆ, ಆಮೇಲೆ ಏನೂ ಹೇಳಲಾಗದು. ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ: ರೋಗವಿದ್ದ ಪ್ರಾಣಿಗಳಲ್ಲೂ ಐದರಲ್ಲೊಂದರಲ್ಲಾದರೂ ಕಾಯ ಕಾಣುವುದಿಲ್ಲ. ‘ಕಂಡಿಲ್ಲ’ ಎಂಬ ವರದಿಯನ್ನು ‘ರೋಗವಿಲ್ಲ’ ಎಂದು ಓದುವಂತಿರಲಿಲ್ಲ. 1958ರಲ್ಲಿ, ವೈರಸ್ಸಿಗೆ ಅಂಟಿಕೊಂಡು ಅದನ್ನು ತೋರಿಸಿಕೊಡುವ ಹೊಳೆಯುವ ಪ್ರತಿಕಾಯದ ಪರೀಕ್ಷೆ ಬಂದ ಮೇಲೆ ಸೆಲ್ಲರ್ಸ್ ಬಣ್ಣ ಮೆಲ್ಲಗೆ ಹಿಂದೆ ಸರಿಯಿತು.

ಪರೀಕ್ಷೆಯ ಗುರುತಾಗಿ ಅದರ ಕಾಲ ಮುಗಿಯುತ್ತ ಬಂದಾಗ ಕಾಯದ ಬಗ್ಗೆ ಕುತೂಹಲವೂ ತಗ್ಗಿತು. ವೈರಸ್ಸಿನ ಪ್ರೋಟೀನು ಹೆಚ್ಚಾಗಿ ಒಂದೆಡೆ ರಾಶಿ ಬಿದ್ದ ಕಸ ಎಂದು ಅದನ್ನು ಬದಿಗಿಡುವುದು ಸುಲಭವಿತ್ತು. 2009ರಲ್ಲಿ ಫ್ರಾನ್ಸಿನ ಡೇನಿಯಲ್ ಬ್ಲಾಂಡೆಲ್ ಅವರ ತಂಡ ಆ ‘ಕಸ’ದೊಳಗೇ ವೈರಸ್ಸಿನ ಹೊಸ ಆರ್‌ಎನ್‌ಎ ತಯಾರಾಗುತ್ತಿರುವುದನ್ನು ತೋರಿಸಿತು. ಕಸದ ಗುಂಡಿ ಎಂದುಕೊಂಡದ್ದು ಕಾರ್ಖಾನೆಯಾಗಿತ್ತು. ಅದೇ ವರ್ಷ, ವೈರಸ್ಸಿಗೆ ಸಂಬಂಧವೇ ಇಲ್ಲದ ಕಡೆ, ಕ್ಲಿಫರ್ಡ್ ಬ್ರಾಂಗ್ವಿನ್, ಟೋನಿ ಹೈಮನ್ ಮತ್ತು ಸಂಗಡಿಗರು ಒಂದು ಸಣ್ಣ ದುಂಡುಹುಳುವಿನ ಭ್ರೂಣದಲ್ಲಿರುವ ‘ಪಿ ಕಣ’ಗಳು ದ್ರವದ ಹನಿಗಳಂತೆ ಹರಿದು, ಒಂದಕ್ಕೊಂದು ಕೂಡಿಕೊಂಡು, ಕರಗಿಹೋಗುವುದನ್ನು ಕಂಡರು. ಪೊರೆಯಿಲ್ಲದೆಯೂ ಕೋಶ ತನ್ನೊಳಗೆ ಕೋಣೆಗಳನ್ನು ಮಾಡಿಕೊಳ್ಳಬಲ್ಲದು ಎಂಬ ಮಾತಿಗೆ ಅಲ್ಲಿಂದ ಬಲ ಬಂತು. ಕೋಶದ್ರವದಲ್ಲಿ ಹನಿಗಳು ತೇಲುತ್ತಿರಬಹುದು ಎಂದು ಕೋಶವಿಜ್ಞಾನಿ ಇ. ಬಿ. ವಿಲ್ಸನ್ 1899ರಲ್ಲೇ ಬರೆದಿದ್ದರು. ನೆಗ್ರಿಯವರಿಗಿಂತ ನಾಲ್ಕು ವರ್ಷ ಮೊದಲಿನ ಆ ಮಾತನ್ನು ನೆಗ್ರಿ ಕಾಯದ ಪಕ್ಕದಲ್ಲಿಟ್ಟು ನೋಡಲು ಇಷ್ಟು ಕಾಲ ಬೇಕಾಯಿತು.

ಎರಡೂ ಎಳೆ ಸೇರಿದ್ದು 2017ರಲ್ಲಿ, ಬ್ಲಾಂಡೆಲ್ ಮತ್ತು ಈವ್ ಗೋದಾಂ ಅವರ ತಂಡದ ಕೆಲಸದಲ್ಲಿ. ಅವರು ನಾಲ್ಕು ಸಂಗತಿಗಳನ್ನು ಪರೀಕ್ಷಿಸಿದರು. ಕಾಯಗಳು ದುಂಡಗಿವೆ; ಎರಡು ತಾಗಿದರೆ ಕೂಡಿ ಒಂದು ದೊಡ್ಡ ಹನಿಯಾಗುತ್ತವೆ. ಕೋಶದ ಸುತ್ತಲಿನ ದ್ರಾವಣವನ್ನು ಹಠಾತ್ತನೆ ತೆಳುವಾಗಿಸಿದರೆ ನೀರು ಒಳನುಗ್ಗಿ ಕಾಯಗಳು ಮಾಯವಾಗುತ್ತವೆ. ಹೊಳೆಯುವ ಪ್ರೋಟೀನನ್ನು ಲೇಸರಿನಿಂದ ಒಂದು ಕಡೆ ಮಂಕಾಗಿಸಿದರೆ, ಸುತ್ತಲಿನ ಪ್ರೋಟೀನು ಹರಿದು ಬಂದು ಆ ಜಾಗ ಮತ್ತೆ ಹೊಳೆಯುತ್ತದೆ. ಗಟ್ಟಿ ಮುದ್ದೆಯಾಗಿದ್ದರೆ ಆ ಮಂಕು ಹಾಗೆಯೇ ಉಳಿಯಬೇಕಿತ್ತು.

ಇಷ್ಟಕ್ಕೆ ಇಡೀ ವೈರಸ್ ಬೇಡ. ರೇಬೀಸ್ ವೈರಸ್ಸಿನ ಆರ್‌ಎನ್‌ಎ ಸುಮಾರು 12,000 ಅಕ್ಷರಗಳ ಒಂದೇ ಎಳೆ, ಅದರಲ್ಲಿ ಐದೇ ಪ್ರೋಟೀನಿನ ಮಾಹಿತಿ. ಅವುಗಳಲ್ಲಿ ಎನ್ ಮತ್ತು ಪಿ (ಹುಳುವಿನ ‘ಪಿ ಕಣ’ಕ್ಕೂ ಇದಕ್ಕೂ ಸಂಬಂಧವಿಲ್ಲ) ಎರಡನ್ನೇ ಕೋಶದಲ್ಲಿ ತಯಾರಿಸಿದರೂ ಅಂಥದೇ ಹನಿ ಹುಟ್ಟುತ್ತದೆ. ಎನ್ ಪ್ರೋಟೀನು ಆರ್‌ಎನ್‌ಎಯ ಪ್ರತಿ 9 ಅಕ್ಷರಕ್ಕೆ ಒಂದರಂತೆ ಸಾಲಾಗಿ ಕೂರುತ್ತದೆ. ಪಿ ಪ್ರೋಟೀನಿನ ಒಂದು ಭಾಗಕ್ಕೆ ನಿಶ್ಚಿತ ಆಕಾರವಿಲ್ಲ, ಸಡಿಲ ದಾರದಂತೆ ತೂಗುತ್ತದೆ. ಇನ್ನೊಂದು ಭಾಗ ಎರಡು ಪಿಗಳನ್ನು ಜೋಡಿಯಾಗಿಸುತ್ತದೆ. ಇವೆರಡರಲ್ಲಿ ಯಾವುದನ್ನು ಕತ್ತರಿಸಿದರೂ ಹನಿ ಕಟ್ಟುವುದಿಲ್ಲ. ಒಂದೊಂದು ಅಣುವಿಗೂ ಹಲವು ಹಿಡಿಗಳಿರಬೇಕು, ಒಂದೊಂದು ಹಿಡಿತವೂ ದುರ್ಬಲವಾಗಿರಬೇಕು. ಹಿಡಿತ ಬಿಗಿಯಾದರೆ ಮುದ್ದೆಯಾಗುತ್ತದೆ, ಹಿಡಿಗಳು ಸಾಲದಿದ್ದರೆ ಎಲ್ಲವೂ ಚದುರಿಹೋಗುತ್ತದೆ.

ನೀರಿಗೆ ಉಪ್ಪು ಹಾಕುತ್ತಾ ಹೋದರೆ ಒಂದು ಹಂತದ ಮೇಲೆ ಅದು ಕರಗದೆ ತಳದಲ್ಲಿ ನಿಲ್ಲುತ್ತದಲ್ಲ, ಪ್ರೋಟೀನಿಗೂ ಅಂಥ ಒಂದು ಮಿತಿಯಿದೆ. ಮಿತಿ ದಾಟಿದಾಗ ಮಿಕ್ಕದ್ದು ಹನಿಯಾಗಿ ಬೇರ್ಪಡುತ್ತದೆ. ಸಾರಿನ ಮೇಲೆ ತೇಲುವ ತೆಂಗಿನೆಣ್ಣೆಯ ಹೋಲಿಕೆ ಸಲೀಸಾಗಿ ಬಾಯಿಗೆ ಬರುತ್ತದೆ, ಆದರೆ ಅದು ಅರ್ಧದಷ್ಟೇ ಸರಿ. ಎಣ್ಣೆಯ ಹನಿಯಲ್ಲಿ ನೀರಿಲ್ಲ. ಈ ಹನಿಯಲ್ಲಿ ನೀರು ಬೇಕಾದಷ್ಟಿದೆ. ಹಾಗಾಗಿಯೇ ಒಳಗೆ ಆರ್‌ಎನ್‌ಎ ನಕಲು ಮಾಡುವ ಕೆಲಸ ನಡೆಯಬಲ್ಲದು, ಸಿದ್ಧವಾದ ಎಳೆಗಳು ಹೊರಬಿದ್ದು ಕೋಶದ ಮೈಕ್ರೊಟ್ಯೂಬುಲ್ ಹಳಿಗಳ ಮೇಲೆ ಸಾಗಬಲ್ಲವು. ಕೋಶ ತನ್ನ ರಕ್ಷಣೆಗೆಂದು ಕಟ್ಟಿಕೊಳ್ಳುವ ಒತ್ತಡ ಕಣಗಳೂ ಹನಿಗಳೇ. ಅವು ನೆಗ್ರಿ ಕಾಯಕ್ಕೆ ಮೈತಾಗಿಸಿ ನಿಂತರೂ ಅದರೊಂದಿಗೆ ಬೆರೆಯುವುದಿಲ್ಲ ಎಂಬುದು ಈ ಇಡೀ ಕತೆಯ ಅತಿ ಸೊಗಸಾದ ಸಂಗತಿ.

ಆಮೇಲೆ ಎಲ್ಲೆಡೆ ಹನಿಗಳು ಕಾಣಿಸಿದವು: ದಡಾರದ ವೈರಸ್, ಮಕ್ಕಳ ಭೇದಿಯ ರೋಟಾವೈರಸ್, 2020ರಿಂದ ಕೋವಿಡ್ ವೈರಸ್ಸಿನ ಎನ್ ಪ್ರೋಟೀನು. ಇಲ್ಲೇ ಎಚ್ಚರ ಬೇಕು. ಕೋಶದಲ್ಲಿ ಸಹಜವಾಗಿ ಇರುವುದಕ್ಕಿಂತ ಹೆಚ್ಚು ಪ್ರೋಟೀನು ತುಂಬಿದರೆ ಹನಿಯಾಗದ್ದೂ ಹನಿಯಾಗುತ್ತದೆ. ನೋಡಲೆಂದು ಅಂಟಿಸಿದ ಹಸಿರು ಹೊಳೆಯುವ ಪ್ರೋಟೀನಿಗೇ ಜೋಡಿಯಾಗುವ ಗುಣವಿದೆ. ಆ ಗುಣ ತೆಗೆದ ರೂಪಾಂತರವನ್ನೇ ಬಳಸಬೇಕು. ಹನಿ ಕರಗಿಸಲು ಬಳಸುವ 1,6-ಹೆಕ್ಸೇನ್‌ಡಯಾಲ್ ಕೋಶದ ಕಿಣ್ವಗಳನ್ನೂ ಕೆಡಿಸುತ್ತದೆ, ಹಾಗಾಗಿ ‘ಕರಗಿತು’ ಎಂಬುದೊಂದೇ ಸಾಕ್ಷಿಯಾಗದು. 2019ರಲ್ಲಿ ಹರ್ಪಿಸ್ ವೈರಸ್ ತನ್ನ ನಕಲು ಮಾಡಿಕೊಳ್ಳುವ ಕೇಂದ್ರಗಳನ್ನು ಅಣು ಅಣುವಾಗಿ ಹಿಂಬಾಲಿಸಿದವರಿಗೆ, ಹನಿಯಂತೆ ಕಂಡರೂ ಅವು ಹಾಗೆ ನಡೆದುಕೊಳ್ಳುವುದಿಲ್ಲ ಎಂದು ಗೊತ್ತಾಯಿತು. ಕೋಶದ ಕಿಣ್ವಗಳು ಅಲ್ಲಿ ಸೇರುವುದು ಬರಿದಾಗಿ ತೆರೆದುಕೊಂಡ ವೈರಸ್ ಡಿಎನ್‌ಎಗೆ ಅಂಟಿಕೊಂಡು.

ಹನಿ ಎಂದು ತಿಳಿದದ್ದರಿಂದ ಚಿಕಿತ್ಸೆಗೆ ಒಂದು ದಾರಿ ತೆರೆದಿದೆ. ಚಳಿಯ ಬೆಳಿಗ್ಗೆ ಬಾಟಲಿಯ ತೆಂಗಿನೆಣ್ಣೆ ಗಟ್ಟಿಯಾದರೆ ಸುರಿಯಲಾಗುವುದಿಲ್ಲ. ಹಾಗೆಯೇ ಹನಿಯನ್ನು ಗಟ್ಟಿಯಾಗಿಸಿದರೆ ಕಾರ್ಖಾನೆ ನಿಲ್ಲುತ್ತದೆ. ಕೂಸುಗಳ ಶ್ವಾಸಕೋಶಕ್ಕೆ ತಗಲುವ ಆರ್‌ಎಸ್‌ವಿ ವೈರಸ್ಸಿನ ಹನಿಗಳನ್ನು ಸೈಕ್ಲೋಪಮೀನ್ ಎಂಬ ಸಸ್ಯಜನ್ಯ ರಾಸಾಯನಿಕ ಗಟ್ಟಿಯಾಗಿಸಿ, ಇಲಿಗಳಲ್ಲಿ ವೈರಸ್ ಹೆಚ್ಚುವುದನ್ನು ತಡೆಯಿತು ಎಂದು 2021ರಲ್ಲಿ ವರದಿಯಾಯಿತು. ಮೂಲ ಸಸ್ಯವನ್ನು ತಿಂದ ಗಬ್ಬದ ಕುರಿಗಳಿಗೆ ಒಕ್ಕಣ್ಣಿನ ಮರಿಗಳು ಹುಟ್ಟಿದ ಇತಿಹಾಸ ಈ ರಾಸಾಯನಿಕಕ್ಕಿದೆ. ಅದನ್ನೇ ಮದ್ದಾಗಿ ಕೊಡುವಂತಿಲ್ಲ, ಅದರ ಜಾಡಿನಲ್ಲಿ ಬೇರೆ ಅಣು ಹುಡುಕಬೇಕು.

ರೇಬೀಸಿಗೆ ಇಂಥ ಮದ್ದು ಬೇಕಿದ್ದರೆ ಅದು ರಕ್ತದಿಂದ ಮೆದುಳಿಗೆ ದಾಟಬೇಕು, ನರಕೋಶದ ಒಳಗೂ ಹೋಗಬೇಕು. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ಕೋಶದೊಳಗಿನ ಹನಿಯನ್ನು ಮುಟ್ಟಲಾರವು. ಅವು ವೈರಸ್ಸನ್ನು ಹಿಡಿಯಬೇಕಾದದ್ದು ಅದು ನರವನ್ನು ಹೊಕ್ಕುವ ಮೊದಲು. ಗಾಯವನ್ನು ಹರಿಯುವ ನೀರು, ಸಾಬೂನು ಹಾಕಿ 15 ನಿಮಿಷ ತೊಳೆಯುವುದು, ರಕ್ತ ಬಂದ ಗಾಯವಾದರೆ ಗಾಯಕ್ಕೇ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) ಚುಚ್ಚುವುದು, ಚರ್ಮದೊಳಗೆ ಕೊಡುವ ಲಸಿಕೆಯನ್ನು 0, 3, 7, 28ನೇ ದಿನ ತಪ್ಪದೆ ಹಾಕಿಸುವುದು ಎಲ್ಲವೂ ಈ ಕಾರಣಕ್ಕೇ. ಕುರಿಮೆದುಳಿನ ಲಸಿಕೆಯ ತಯಾರಿ ಭಾರತದಲ್ಲಿ 2004ರಲ್ಲಿ ನಿಂತಿತು. ಈಗ ಸೂಜಿ ಹೊಟ್ಟೆಗಲ್ಲ, ತೋಳಿಗೆ.