ಬೆಟ್ಟದ ಬೆಂಕಿ ತಾನಾಗಿ ಹೊತ್ತಿಕೊಳ್ಳುತ್ತಾ?

ಪ್ರಶ್ನೆ: ಮೇಷ್ಟ್ರೇ, ಪ್ರತಿ ಬೇಸಿಗೆ ಚಾಮುಂಡಿ ಬೆಟ್ಟಕ್ಕೆ ಬೆಂಕಿ ಬೀಳುತ್ತದೆ. ಬಿಸಿಲಿಗೆ ತಾನೇ ಹೊತ್ತಿಕೊಳ್ಳುವುದನ್ನು ಯಾರೂ ತಡೆಯೋಕಾಗಲ್ಲ, ಸರಿ. ಆದರೆ ಫೈರ್ ಇಂಜಿನ್ ಇದೆ, ಹೆಲಿಕಾಪ್ಟರ್ ಇದೆ. ನೀರು ಹಾಕಿ ಬೇಗ ಆರಿಸೋಕೆ ಏನು ಕಷ್ಟ?

ಉತ್ತರ: ಈ ಪ್ರಶ್ನೆ ನನಗೆ ಪ್ರತಿ ಫೆಬ್ರವರಿಯಲ್ಲೂ ಬರುತ್ತದೆ. ಮೆಟ್ಟಿಲು ಹತ್ತುವಾಗ ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಮೈಸೂರಿನ ಎಷ್ಟೋ ಮನೆಗಳ ಟೆರೇಸಿಗೆ ಕಾಣುವ ಬೆಟ್ಟ ಅದು. ಕತ್ತಲಾಗುವ ಹೊತ್ತಿಗೆ ಅದರ ಮೈಮೇಲೆ ಕೆಂಪು ಗೆರೆ ಹರಿಯುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗೇ ಆಗುತ್ತದೆ.

ನೀರಿನ ವಿಷಯ ಬೇಗ ಮುಗಿಸುತ್ತೇನೆ. ಫೈರ್ ಇಂಜಿನ್ ರಸ್ತೆ ಬಿಟ್ಟು ಹೋಗುವುದಿಲ್ಲ. ರಸ್ತೆ ಪಕ್ಕದ ಬೆಂಕಿಗೆ ಅದು ನಿಜಕ್ಕೂ ದೊಡ್ಡ ಸಹಾಯ. ರಸ್ತೆಯಿಂದ ದೂರದ ಇಳಿಜಾರಿಗೆ ಪೈಪು ಎಳೆಯಬೇಕು. ಒಂದೊಂದು ಪೈಪಿನ ಉದ್ದ 15ರಿಂದ 30 ಮೀಟರ್. ಕಲ್ಲು, ಮುಳ್ಳುಕಂಟಿ ನಡುವೆ ಎಷ್ಟನ್ನು ಜೋಡಿಸಿ ಎಳೆಯುತ್ತೀರಿ? ಮೇಲಕ್ಕೆ ತಳ್ಳಬೇಕಾದರೆ ಇನ್ನೊಂದು ಲೆಕ್ಕ ಇದೆ. ನೀರನ್ನು 10 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು ಒಂದು ಬಾರ್ ಒತ್ತಡ ಬೇಕು. ಊರಿಗಿಂತ ಬೆಟ್ಟದ ತುದಿ ಹತ್ತಿರ ಹತ್ತಿರ 300 ಮೀಟರ್ ಎತ್ತರದಲ್ಲಿದೆ. ಬುಡದಿಂದ ತುದಿಗೆ ನೀರು ತಳ್ಳಲು 30 ಬಾರ್ ಆಯಿತು. ಮಾಮೂಲಿ ಪಂಪಿನ ಕೈಲಿ ಆಗುವ ಕೆಲಸ ಅಲ್ಲ.

ಹೆಲಿಕಾಪ್ಟರ್ ಬಂದದ್ದೂ ಉಂಟು. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್ ಕಟ್ಟಿಕೊಂಡು ನೀರು ಸುರಿದವು. ಅಷ್ಟು ಹೊತ್ತಿಗೆ ಸಾವಿರಾರು ಎಕರೆ ಸುಟ್ಟಿತ್ತು. ಮೇಲಿನಿಂದ ಬಿದ್ದ ನೀರು ಉರಿಯನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ. ಆ ಹೊತ್ತಿನಲ್ಲಿ ನೆಲದ ಮೇಲಿರುವವರು ಹೋಗಿ ಅದನ್ನು ಪೂರ್ತಿ ಆರಿಸಬೇಕು. ಇಲ್ಲದಿದ್ದರೆ ಒಳಗೇ ಕೆಂಡವಾಗಿ ಕೂತ ಮರದ ಬೊಡ್ಡೆ ಮಾರನೇ ದಿನ ಮತ್ತೆ ಹತ್ತಿಕೊಳ್ಳುತ್ತದೆ.

ಈಗ ನಿಮ್ಮ ಪ್ರಶ್ನೆಯ ಎರಡನೇ ವಾಕ್ಯಕ್ಕೆ ಬರುತ್ತೇನೆ. "ಬಿಸಿಲಿಗೆ ತಾನೇ ಹೊತ್ತಿಕೊಳ್ಳುವುದು" ಅಂತ ಬರೆದಿದ್ದೀರಿ. ಅದನ್ನು ನೀವು ಪ್ರಶ್ನೆಯಾಗಿ ಕೇಳಲೇ ಇಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ ದಾಟಿ ಹೋದಿರಿ. ನನಗೆ ಬೇಜಾರಾಗುವುದು ಅಲ್ಲೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟಿದ್ದೇನೆ. ಆ ಮಕ್ಕಳೇ ದೊಡ್ಡವರಾಗಿ ಬಂದು ಈ ಮಾತು ಹೇಳುತ್ತಾರೆ. ಆದ್ದರಿಂದ ಇನ್ನೊಮ್ಮೆ, ನಿಧಾನವಾಗಿ ಹೇಳುತ್ತೇನೆ.

ಒಣಹುಲ್ಲು ಹೊತ್ತಿಕೊಳ್ಳಲು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಮೈಸೂರಿನಲ್ಲಿ ಬಿಸಿಲು 38, 39 ಡಿಗ್ರಿ ಮುಟ್ಟಿದರೆ ನಾವು ತಲೆ ಮೇಲೆ ಟವೆಲ್ ಹಾಕಿಕೊಳ್ಳುತ್ತೇವೆ. ಬಂಡೆ ಅದಕ್ಕಿಂತ ಜಾಸ್ತಿ ಕಾಯುತ್ತದೆ, ಒಪ್ಪಿದೆ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಮೆಟ್ಟಿಲು ಹತ್ತಿದವರಿಗೆ ಅದು ಚೆನ್ನಾಗಿ ಗೊತ್ತು. ಬಂಡೆ 60 ಡಿಗ್ರಿ ಆಯಿತು ಅಂತಲೇ ಇಟ್ಟುಕೊಳ್ಳಿ, 70 ಅನ್ನಿ. ಇನ್ನೂ 200 ಡಿಗ್ರಿ ಎಲ್ಲಿಂದ ಬಂತು? ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುತ್ತಾರೆ. ಕಾದ ಕಲ್ಲಿನ ಮೇಲೆ ಇಟ್ಟ ಕರ್ಪೂರ ಕೂಡ ಕಡ್ಡಿ ಗೀರದೆ ಹತ್ತುವುದಿಲ್ಲ. ಕರ್ಪೂರಕ್ಕೇ ಆಗದ್ದು ಹುಲ್ಲಿಗೆ ಹೇಗೆ ಆಗುತ್ತದೆ?

ಇಷ್ಟು ಹೇಳಿದ ಕೂಡಲೇ ಬಿದಿರು ಬರುತ್ತದೆ. "ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತೆ, ನಮ್ಮ ಅಜ್ಜ ಹೇಳ್ತಿದ್ರು." ಹೋಮಕ್ಕೆ ಅರಣಿ ಕಡೆದು ಬೆಂಕಿ ತೆಗೆಯುವುದನ್ನು ನೋಡಿದ್ದೀರಾ? ನೋಡಿಲ್ಲದಿದ್ದರೆ ಒಮ್ಮೆ ಕೂತು ನೋಡಿ. ಚೆನ್ನಾಗಿ ಒಣಗಿದ ಕಟ್ಟಿಗೆ ಬೇಕು. ಒಂದೇ ಗುಳಿಯಲ್ಲಿ, ಬಲವಾಗಿ ಒತ್ತಿ ಹಿಡಿದು, ಬಿಡದೆ ಕಡೆಯಬೇಕು. ಆಗ ಕಪ್ಪು ಪುಡಿ ಬೀಳುತ್ತದೆ, ಹೊಗೆ ಬರುತ್ತದೆ, ಕೊನೆಗೆ ಒಂದು ಕಿಡಿ. ಆ ಕಿಡಿಯನ್ನು ನಾರಿನಲ್ಲಿಟ್ಟು ಊದಿ ಊದಿ ಉರಿ ಮಾಡಬೇಕು. ನಡುವೆ ಕೈ ನಿಲ್ಲಿಸಿದರೆ ಬಿಸಿ ಆರಿಹೋಗುತ್ತದೆ. ಗಾಳಿಗೆ ತೂಗುವ ಬಿದಿರು ಮೆಳೆ ಒಂದು ಕಡೆ ಉಜ್ಜುತ್ತದೆ, ಸರಿಯುತ್ತದೆ, ಇನ್ನೆಲ್ಲೋ ತಾಗುತ್ತದೆ. ಕೀಚಲು ಸದ್ದು ಬರುತ್ತದೆ, ಅಷ್ಟೇ. ಹೋಗಲಿ, ನಮ್ಮ ಬೆಟ್ಟದ ಮೇಲೆ ಸುಡುವುದು ಬಹುಪಾಲು ಹುಲ್ಲು, ಕುರುಚಲು ಗಿಡ, ಲಂಟಾನ. ಬಿದಿರು ಎಲ್ಲಿದೆ ತೋರಿಸಿ.

ಆಮೇಲೆ ಗಾಜಿನ ಚೂರು. ಇದಕ್ಕೆ ನಾನೂ ಸ್ವಲ್ಪ ಕಾರಣ ಇರಬೇಕು. ತರಗತಿಯಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಟ್ಟು ತೋರಿಸುತ್ತಿದ್ದೆ. "ಬಿಸಿಲಲ್ಲೇ ಹೊತ್ತಿತಲ್ಲ ಸಾರ್" ಅಂತ ಮಕ್ಕಳು ಕೂಗುತ್ತಿದ್ದರು. ಕನ್ನಡಿಯನ್ನು ಒಂದು ಬೆರಳು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಸುಡುವುದು ನಿಂತುಹೋಗುತ್ತಿತ್ತು. ಅದನ್ನೂ ತೋರಿಸುತ್ತಿದ್ದೆ, ಅದು ಮಾತ್ರ ಯಾರಿಗೂ ನೆನಪಿಲ್ಲ! ಒಡೆದ ಬಾಟಲಿಯ ಚೂರು ಭೂತಗನ್ನಡಿ ಅಲ್ಲ. ನೀರು ತುಂಬಿದ ದುಂಡನೆಯ ಬಾಟಲಿ ಬಿಸಿಲನ್ನು ಒಂದು ಬಿಂದುವಿಗೆ ತರಬಹುದು. ಆ ಬಿಂದುವಿನಲ್ಲೇ ಒಣಗಿದ ಎಲೆ ಇರಬೇಕು, ಸೂರ್ಯ ಸರಿಯುವ ಮುಂಚೆ ಹತ್ತಿಕೊಳ್ಳಬೇಕು. ಆಗುವುದೇ ಇಲ್ಲ ಅಂತ ಹೇಳಲಾರೆ, ಬಲು ಅಪರೂಪ. ಆಗ ಕೂಡ ಆ ಬಾಟಲಿಯನ್ನು ಅಲ್ಲಿಗೆ ತಂದು ಬಿಸಾಡಿದವರು ಮನುಷ್ಯರೇ ಅಲ್ವಾ?

ಸಿಡಿಲು? ಅಮೆರಿಕ, ಆಸ್ಟ್ರೇಲಿಯಾದಲ್ಲಿ ಮಳೆಯಿಲ್ಲದೆ ಸಿಡಿಲು ಬಡಿದು ಕಾಡು ಉರಿಯುವುದು ನಿಜ. ಟಿವಿಯಲ್ಲಿ ಅದನ್ನು ನೋಡಿ ಇಲ್ಲಿಗೂ ಅನ್ವಯಿಸುತ್ತೇವೆ. ನಮ್ಮಲ್ಲಿ ಗುಡುಗು ಸಿಡಿಲಿನ ಕಾಲ ಅಶ್ವಿನಿ, ಭರಣಿ ಮಳೆಯ ಹೊತ್ತು, ಅಂದರೆ ಏಪ್ರಿಲ್ ನಡುವಿನಿಂದ ಮೇ ತಿಂಗಳು. ಬೆಟ್ಟಕ್ಕೆ ಬೆಂಕಿ ಬೀಳುವುದು ಹೆಚ್ಚಾಗಿ ಅದಕ್ಕೂ ಮುಂಚೆ, ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನಗಳಲ್ಲಿ.

ತಾನಾಗಿ ಹೊತ್ತಿಕೊಳ್ಳುವ ಹುಲ್ಲು ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಸರಿಯಾಗಿ ಒಣಗದ ಹುಲ್ಲನ್ನು ದೊಡ್ಡ ಮೆದೆ ಒಟ್ಟಿದರೆ ಒಳಗೆ ಕೊಳೆತು, ಬಿಸಿಯೇರಿ, ಬೆಂಕಿ ಏಳಬಹುದು. ರೈತರಿಗೆ ಇದು ಗೊತ್ತು. ಅಲ್ಲಿ ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಬೆಟ್ಟದ ಮೇಲೆ ನಿಂತ ಹುಲ್ಲಿಗೆ ಸುತ್ತಲೂ ಗಾಳಿ.

ಬೆಂಕಿ ಎಲ್ಲಿ ಶುರುವಾಗುತ್ತದೆ ಅಂತ ಒಮ್ಮೆ ನೋಡಿ. ನಾನು ನೋಡಿದ ಬಹುಪಾಲು ಬೆಂಕಿ ಶುರುವಾದದ್ದು ರಸ್ತೆಯ ತಿರುವಿನಲ್ಲಿ, ಕಾಲುದಾರಿ ಪಕ್ಕದಲ್ಲಿ, ಊರು ಮತ್ತು ಹೊಲದ ಅಂಚಿನಲ್ಲಿ. ಬಿಸಿಲೇ ಕಾರಣ ಆಗಿದ್ದರೆ ಜನ ಕಾಲಿಡದ ಕಡೆಯೂ ಅಷ್ಟೇ ಸಲ ಬೀಳಬೇಕಿತ್ತು. ಬಿಸಿಲು ಹುಲ್ಲನ್ನು ಒಣಗಿಸುತ್ತದೆ. ಕಿಡಿ ತರುವವರು ನಾವು. ಬೀಡಿ ಸೇದಿ ಎಸೆಯುವವರು, ರಾತ್ರಿ ಕೂತು ಅಡುಗೆ ಮಾಡಿ ಒಲೆ ಆರಿಸದೆ ಏಳುವವರು, ಕಸ ಸುಡುವವರು. ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಚಿಗುರುತ್ತೆ ಅಂತ ದನಕ್ಕಾಗಿ ಹಚ್ಚುವವರು. ಒಮ್ಮೊಮ್ಮೆ ಸುಮ್ನೆ, ಉರಿಯುವುದನ್ನು ನೋಡಲು ಕಡ್ಡಿ ಗೀರುವ ಹುಡುಗರು. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ. ಆದರೆ "ತಾನೇ ಹೊತ್ತಿಕೊಂಡಿತು" ಅಂತ ಊರೇ ನಂಬಿದರೆ ಹಚ್ಚಿದವನನ್ನು ಹುಡುಕುವವರು ಯಾರು? ಕಣ್ಣಾರೆ ಕಂಡವರೂ ಬಾಯಿ ಬಿಡುವುದಿಲ್ಲ. ಈ ಒಂದು ಸುಳ್ಳಿನ ಮೇಲೆ ನನಗೆ ಇಷ್ಟು ಸಿಟ್ಟು ಇರುವುದು ಅದಕ್ಕೇ.

ಹಾಗಾದರೆ ನೀರಿಲ್ಲದೆ ಆರಿಸುವುದು ಹೇಗೆ? ಬೆಂಕಿಗೆ ಬಿಸಿ, ಗಾಳಿ, ಉರಿಯುವ ಸಾಮಾನು ಮೂರೂ ಬೇಕು. ಬೆಟ್ಟದ ಮೇಲೆ ನಮ್ಮ ಕೈಗೆ ಸಿಗುವುದು ಮೂರನೆಯದು. ಹಸಿ ಸೊಪ್ಪಿನ ಕೊಂಬೆ ಮುರಿದು, ಈಗಾಗಲೇ ಸುಟ್ಟ ಕಡೆ ಕಾಲಿಟ್ಟುಕೊಂಡು, ಅಂಚಿನ ಉರಿಯನ್ನು ಬಡಿಯುತ್ತಾ ಹೋಗುತ್ತಾರೆ. ಈಗ ಕೆಲವು ಕಡೆ ತರಗೆಲೆ ಊದುವ ಬ್ಲೋವರ್, ಬೆನ್ನಿಗೆ ಕಟ್ಟುವ ಸ್ಪ್ರೇಯರ್ ಇವೆ. ಉರಿ ಜೋರಾಗಿದ್ದರೆ ಹತ್ತಿರ ಹೋಗಲಾಗುವುದಿಲ್ಲ. ಆಗ ಮುಂದೆ ಹೋಗಿ ಹುಲ್ಲು ಸವರಿ ಗೆರೆ ತೆಗೆಯುತ್ತಾರೆ, ಇಲ್ಲವೇ ಅಲ್ಲಿಂದ ಎದುರು ಬೆಂಕಿ ಕೊಡುತ್ತಾರೆ. ಎರಡು ಬೆಂಕಿ ಎದುರಾದಾಗ ಸುಡಲು ಏನೂ ಉಳಿದಿರುವುದಿಲ್ಲ. ಎದುರು ಬೆಂಕಿ ಅನುಭವ ಇರುವವರ ಕೆಲಸ. ಗಾಳಿ ತಿರುಗಿದರೆ ಒಂದರ ಜಾಗದಲ್ಲಿ ಎರಡು ಬೆಂಕಿ ಆಗುತ್ತದೆ.

ದಯವಿಟ್ಟು ಒಂದು ನೆನಪಿಡಿ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಾದರೆ ವೇಗ ಹೆಚ್ಚುಕಡಿಮೆ ಎರಡರಷ್ಟು ಆಗುತ್ತದೆ. ಜ್ವಾಲೆ ಮೇಲಿನ ಹುಲ್ಲಿಗೆ ಬಾಗಿ, ಮುಟ್ಟುವ ಮೊದಲೇ ಅದನ್ನು ಕಾಯಿಸಿ ಇಟ್ಟಿರುತ್ತದೆ. 2018ರ ಮಾರ್ಚಿನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದ 20ಕ್ಕೂ ಹೆಚ್ಚು ಜನ ಕಾಡ್ಗಿಚ್ಚಿಗೆ ಸಿಕ್ಕಿ ಸತ್ತರು. ಅದರ ಹಿಂದಿನ ವರ್ಷ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಯುವ ಗಾರ್ಡ್ ಪ್ರಾಣ ಕಳೆದುಕೊಂಡರು. ಕೆಲಸವೇ ಅದಾಗಿದ್ದವರ ಗತಿ ಹೀಗಾದರೆ, ಚಪ್ಪಲಿ ಹಾಕಿಕೊಂಡು ಮೊಬೈಲ್ ಹಿಡಿದು ಮೇಲೆ ನಿಂತು ವಿಡಿಯೋ ಮಾಡುವವರ ಗತಿ ಏನು? ಬೆಂಕಿಗಿಂತ ಮೇಲೆ ನಿಲ್ಲಬೇಡಿ. 112ಕ್ಕೆ ಫೋನ್ ಮಾಡಿ, ಯಾವ ತಿರುವು, ಯಾವ ದಾರಿ ಅಂತ ಸರಿಯಾಗಿ ಹೇಳಿ. ಉಪಗ್ರಹದಿಂದಲೂ ಅರಣ್ಯ ಇಲಾಖೆಗೆ ಸೂಚನೆ ಬರುತ್ತದೆ, ಆದರೆ ಅದು ತೆಗೆಯುವ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 375 ಮೀಟರ್ ಅಗಲದ ಚೌಕ. ಉಪಗ್ರಹ ನೆತ್ತಿ ಮೇಲೆ ಬರುವವರೆಗೆ ಕಾಯಲೂ ಬೇಕು. ಬೆಂಕಿ ಇನ್ನೂ ಚಾಪೆಯಗಲ ಇರುವಾಗ ಕಾಣುವುದು ನಿಮ್ಮ ಕಣ್ಣಿಗೆ.

ಇನ್ನು ನೀವು ಕೇಳದ ಒಂದು ವಿಷಯ. ಮನಸ್ಸಿನಲ್ಲೇ ಉಳಿದಿದೆ, ಹೇಳಿಬಿಡುತ್ತೇನೆ. ಬೆಂಕಿ ಎಲ್ಲವೂ ಕೆಟ್ಟದ್ದೇ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಕಾಡಿಗೆ ತಾವೇ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಅಂತ ಕರೆಯುತ್ತಾರೆ. ಬೇಸಿಗೆ ಬಲಿಯುವ ಮೊದಲು, ತರಗೆಲೆ ಇನ್ನೂ ತೆಳ್ಳಗಿರುವಾಗ, ಮೊಣಕಾಲೆತ್ತರಕ್ಕೂ ಏಳದ ಬೆಂಕಿ ಅದು. ಲಂಟಾನದ ಮರಿಗಿಡ ಸಾಯುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆ ಹತೋಟಿಯಲ್ಲಿರುತ್ತಿತ್ತು ಅಂತ ಅಲ್ಲಿನ ಹಿರಿಯರು ಹೇಳುತ್ತಾರೆ. 1974ರಲ್ಲಿ ಅದು ಅಭಯಾರಣ್ಯವಾಯಿತು, ತರಗು ಬೆಂಕಿ ನಿಂತಿತು. ಆಮೇಲೆ ಲಂಟಾನ ಆಳೆತ್ತರ ಬೆಳೆಯಿತು. ಈಗ ಬೆಂಕಿ ಬಿದ್ದರೆ ಲಂಟಾನವನ್ನು ಏಣಿ ಮಾಡಿಕೊಂಡು ಮರದ ನೆತ್ತಿಗೆ ಏರುತ್ತದೆ. ವಿಜ್ಞಾನಿಗಳೂ ಇವರ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. ಶಾಲೆಯಲ್ಲಿ ನಾನು ಪಾಠ ಮಾಡದ ವಿಜ್ಞಾನ ಇದು, ಸೋಲಿಗರಿಂದ ಕಲಿತೆ.

ಇದನ್ನು ಓದಿ ಯಾರೂ ಬೆಂಕಿಪೊಟ್ಟಣ ಹಿಡಿದು ಚಾಮುಂಡಿ ಬೆಟ್ಟಕ್ಕೆ ಹೋಗಬೇಡಿ. ಯಾವ ದಿನ, ಯಾವ ಗಾಳಿಗೆ, ಯಾವ ಕಡೆಯಿಂದ ಹಚ್ಚಬೇಕು ಅನ್ನುವುದು ಅವರಿಗೆ ತಲೆಮಾರುಗಳಿಂದ ಬಂದ ತಿಳಿವಳಿಕೆ. ನಮ್ಮ ಬೆಟ್ಟದ ಬುಡದಲ್ಲೇ ಮನೆಗಳಿವೆ, ಮೇಲೆ ದೇವಸ್ಥಾನ ಮತ್ತು ಊರು ಇದೆ, ಮೆಟ್ಟಿಲ ಮೇಲೆ ದಿನವೂ ಜನ ಇರುತ್ತಾರೆ.

ನಮಗೆ ಸರಿಹೊಂದುವುದು ಅದರ ಚಿಕ್ಕ ರೂಪ, ಬೆಂಕಿ ರೇಖೆ. ಬೇಸಿಗೆಗೆ ಮುಂಚೆ ಇಲಾಖೆಯವರು ರಸ್ತೆ ಬದಿಯಲ್ಲಿ, ಕಾಡಿನ ಅಂಚಿನಲ್ಲಿ ಪಟ್ಟೆ ಪಟ್ಟೆಯಾಗಿ ಹುಲ್ಲು ಸವರುತ್ತಾರೆ. ಸವರಿದ್ದನ್ನು ಕಾವಲು ನಿಂತು ಸುಡುವುದೂ ಉಂಟು. ಮಳೆ ಚೆನ್ನಾಗಿ ಆದ ವರ್ಷ ಈ ಕೆಲಸ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಆ ವರ್ಷ ಹುಲ್ಲೂ ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ವಾಕಿಂಗ್ ಹೋದಾಗ ರಸ್ತೆ ಪಕ್ಕ ಸಣ್ಣ ಹೊಗೆ, ಸುತ್ತ ಸೊಪ್ಪು ಹಿಡಿದು ನಿಂತ ನಾಲ್ಕೈದು ವಾಚರ್‌ಗಳು ಕಂಡರೆ ಅದು ಈ ಕೆಲಸ. ಅವರಿಗೊಂದು ನಮಸ್ಕಾರ ಹೇಳಿ ಮುಂದೆ ಹೋಗಿ. ಹೊಗೆ ಇದ್ದು ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಮಾತ್ರ ಅಲ್ಲೇ ನಿಂತು ಫೋನ್ ತೆಗೆಯಿರಿ.